ನಲವತ್ತೆಂಟು ಕಳೆಯುವ ಪಾಠ ನಿಲ್ಲಲಿ

ಪುಣೆಯ ಡೆಕ್ಕನ್, ಕರ್ವೆನಗರ, ಶಿವಾಜಿನಗರದ ಕಡೆ ಯಾವ ಕಟ್ಟಡದ ಎರಡನೇ ಮಹಡಿ ಹತ್ತಿದರೂ ಒಂದಲ್ಲ ಒಂದು ಪ್ರೋಗ್ರಾಮಿಂಗ್ ಕ್ಲಾಸ್ ಸಿಗುತ್ತದೆ. ಬೆಳಗಾವಿ, ವಿಜಯಪುರ, ಕಲಬುರಗಿಯಿಂದ ಬಂದ ನಮ್ಮ ಮಕ್ಕಳು ಅಲ್ಲಿ ಸಾಂಗಲಿ, ಸೊಲ್ಲಾಪುರ, ಲಾತೂರಿನ ಮಕ್ಕಳ ಜೊತೆ ಒಂದೇ ಬೆಂಚಿನಲ್ಲಿ ಕೂತು ಕೋಡ್ ಬರೆಯಲು ಕಲಿಯುತ್ತಾರೆ. ಆ ಕ್ಲಾಸುಗಳಲ್ಲಿ ಬಹಳ ಬೇಗ ಬರುವ ಒಂದು ಪಾಠವಿದೆ. ಬಳಕೆದಾರ ಕೀಲಿಮಣೆಯಲ್ಲಿ 7 ಒತ್ತಿದರೆ ಯಂತ್ರಕ್ಕೆ ತಲುಪುವುದು ಏಳು ಎಂಬ ಬೆಲೆಯಲ್ಲ, ಒಂದು ಅಕ್ಷರ. ಅದರ ಆಸ್ಕಿ ಕೋಡ್ 55. ಅದರಿಂದ 48 ಕಳೆಯಿರಿ, 7 ಸಿಗುತ್ತದೆ. ಸ್ಟ್ರಿಂಗಿನ ಎಡತುದಿಯಿಂದ ಒಂದೊಂದೇ ಅಕ್ಷರ ತೆಗೆದುಕೊಂಡು, ಈವರೆಗಿನ ಮೊತ್ತವನ್ನು ಹತ್ತರಿಂದ ಗುಣಿಸಿ, 48 ಕಳೆದು ಉಳಿದದ್ದನ್ನು ಕೂಡಿಸುತ್ತ ಹೋಗಿ. ಸ್ಟ್ರಿಂಗ್ ಪೂರ್ಣಾಂಕವಾಯಿತು. ಮೇಷ್ಟರು ಬೋರ್ಡು ಒರೆಸಿ ಮುಂದಿನ ಪಾಠಕ್ಕೆ ಹೋಗುತ್ತಾರೆ.

ಈ ಪಾಠವನ್ನು ಹೀಗೆ ಕಲಿಸುವುದು ನಿಲ್ಲಬೇಕು. ಯಾಕೆಂದರೆ ಇದು ಒಂದು ಲೆಕ್ಕದ ಜೊತೆ ಒಂದು ಸುಳ್ಳನ್ನೂ ತಲೆಗೆ ತುಂಬುತ್ತದೆ: ಜಗತ್ತಿನಲ್ಲಿ ಅಂಕಿಗಳೆಂದರೆ ಹತ್ತೇ, ಅವು 48ರಿಂದ 57ರವರೆಗಿನ ಮನೆಗಳಲ್ಲಿ ಕೂತಿವೆ, ಉಳಿದದ್ದೆಲ್ಲ ಅಂಕಿಯೇ ಅಲ್ಲ ಎಂಬ ಸುಳ್ಳು. ಇದನ್ನು ನಂಬಿದ ಹುಡುಗ ನಾಳೆ ಹಿಂಜೆವಾಡಿಯ ಐಟಿ ಕಂಪನಿಯಲ್ಲಿ ಕೆಲಸಕ್ಕೆ ಸೇರಿ ಬ್ಯಾಂಕಿನ, ಆಸ್ಪತ್ರೆಯ, ಪಂಚಾಯಿತಿಯ ತಂತ್ರಾಂಶ ಬರೆಯುತ್ತಾನೆ. ಸುಳ್ಳು ಅವನ ಕೋಡಿನೊಳಗೆ ಇಳಿದು ಲಕ್ಷಾಂತರ ಜನರ ಮುಂದೆ ಬಾಗಿಲು ಹಾಕಿ ನಿಲ್ಲುತ್ತದೆ.

ಕ್ಲಾಸಿನಿಂದ ಕೆಳಗಿಳಿದು ಬಂದರೆ ಬೀದಿಯೇ ಈ ಪಾಠವನ್ನು ತಳ್ಳಿಹಾಕುತ್ತದೆ. ಪುಣೆಯ ಪಿಎಂಪಿಎಂಎಲ್ ನಗರ ಬಸ್ಸಿನ ಹಣೆಯ ಮೇಲೆ ಮಾರ್ಗದ ಸಂಖ್ಯೆ ದೇವನಾಗರಿ ಅಂಕಿಯಲ್ಲಿ ಬರೆದಿರುತ್ತದೆ. 1932ರಲ್ಲಿ ಈ ಊರಿನಲ್ಲೇ ಹುಟ್ಟಿದ 'ಸಕಾಳ' ಪತ್ರಿಕೆ ಮರಾಠಿ ಓದುಗರಿಗೆ ತಾರೀಕು, ಬೆಲೆ, ಸತ್ತವರ ವಯಸ್ಸು ಎಲ್ಲವನ್ನೂ ದೇವನಾಗರಿ ಅಂಕಿಯಲ್ಲೇ ಕೊಡುತ್ತದೆ. ರೈತ ಗ್ರಾಮ ಲೆಕ್ಕಿಗನಾದ ತಲಾಠಿಯ ಹತ್ತಿರ ಕೇಳುವ ಜಮೀನು ದಾಖಲೆಯಾದ 'ಸಾತ್‌ಬಾರಾ' ಉತಾರೆಯ ಹೆಸರೇ ಎರಡು ಅಂಕಿಗಳದು: ಗ್ರಾಮ ನಮೂನೆ ಏಳು ಮತ್ತು ಹನ್ನೆರಡು. 1967ರಲ್ಲಿ ಪುಣೆಯಲ್ಲಿ ಶುರುವಾದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿ ಮರಾಠಿ ಮಾಧ್ಯಮದ ಮಕ್ಕಳಿಗೆ ಲೆಕ್ಕ ಕಲಿಸಿದ್ದು ದೇವನಾಗರಿ ಅಂಕಿಗಳಲ್ಲಿ. ನಮ್ಮ ಕಡೆಗೆ ಬಂದರೆ ಮದುವೆಯ ಕರೆಯೋಲೆ, ಪಂಚಾಂಗ, ಹಳೆಯ ಪುಸ್ತಕದ ಪುಟಸಂಖ್ಯೆ, ಅಂಗಡಿಯ ಫಲಕಗಳಲ್ಲಿ ಕನ್ನಡ ಅಂಕಿಗಳಿವೆ. ಫೋನಿನ ಕನ್ನಡ ಕೀಲಿಮಣೆಯಲ್ಲೂ ಇವೆ. ಇಷ್ಟೆಲ್ಲ ಕಣ್ಣೆದುರಿಗಿರುವಾಗ ಎರಡನೇ ಮಹಡಿಯ ಬೋರ್ಡಿನ ಮೇಲೆ ಮಾತ್ರ ಇವು ಯಾಕಿಲ್ಲ?

ಹಾನಿ ಏನೆಂದು ಕೇಳುವವರು ಒಂದು ಲೆಕ್ಕ ಮಾಡಿ ನೋಡಬೇಕು. ಜಗತ್ತಿನ ಲಿಪಿಗಳ ಪ್ರತಿ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಮಾನಕವಾದ ಯೂನಿಕೋಡ್‌ನಲ್ಲಿ ಕನ್ನಡದ ೦ ಇರುವುದು 3302ನೇ ಸ್ಥಾನದಲ್ಲಿ. ೧ 3303, ೨ 3304. ಜಾವಾದಲ್ಲಿ ನಮ್ಮ ಕ್ಲಾಸುಗಳು ಕಲಿಸುವ ರೀತಿಯಲ್ಲೇ ಒಂದು ಪ್ರೋಗ್ರಾಂ ಬರೆಯಿರಿ: ಅಕ್ಷರ ಅಂಕಿಯೇ ಎಂದು 'ಈಸ್‌ಡಿಜಿಟ್' ಫಂಕ್ಷನ್ನಿಗೆ ಕೇಳಿ, ಹೌದೆಂದರೆ 48 ಕಳೆದು ಕೂಡಿಸಿ. ಈಗ ಅದಕ್ಕೆ ೧೨ ಎಂದು ಕೊಡಿ. ಜಾವಾದ ಈಸ್‌ಡಿಜಿಟ್‌ಗೆ ಕನ್ನಡ ಅಂಕಿ ಗೊತ್ತು, ಅದು ಹೌದು ಎನ್ನುತ್ತದೆ. ಮುಂದಿನ ಸಾಲು 3303ರಿಂದ 48 ಕಳೆದು 3255 ಪಡೆಯುತ್ತದೆ. ಅದನ್ನು ಹತ್ತರಿಂದ ಗುಣಿಸಿ 32550. 3304ರಿಂದ 48 ಕಳೆದು 3256. ಎರಡನ್ನೂ ಕೂಡಿಸಿ 35806. ಹನ್ನೆರಡು ರೂಪಾಯಿ ಮೂವತ್ತೈದು ಸಾವಿರದ ಎಂಟುನೂರ ಆರಾಯಿತು. ಯಾವ ಎಚ್ಚರಿಕೆಯೂ ಬರಲಿಲ್ಲ, ಪ್ರೋಗ್ರಾಂ ನಿಲ್ಲಲಿಲ್ಲ, ಪರದೆಯ ಮೇಲೆ ಕೆಂಪು ಗೆರೆ ಮೂಡಲಿಲ್ಲ. ಔಷಧದ ಪ್ರಮಾಣ, ಸಾಲದ ಕಂತು, ಹೊಲದ ಗುಂಟೆ, ಇವುಗಳ ಜಾಗದಲ್ಲಿ ಇಂಥ ಸಂಖ್ಯೆ ಕೂತರೆ ಹೊಣೆ ಯಾರದು? ಟೈಪ್ ಮಾಡಿದವನದೋ, 48 ಕಳೆಯಲು ಕಲಿಸಿದವನದೋ?

ಇಲ್ಲಿ ನಡೆದ ತಪ್ಪು ಬಹಳ ಸರಳವಾದದ್ದು. ಕನ್ನಡದ ೧೨ರ ದೂರವನ್ನು ಕನ್ನಡದ ಸೊನ್ನೆಯಿಂದ ಅಳೆಯಬೇಕಿತ್ತು. ಲ್ಯಾಟಿನ್ ಸೊನ್ನೆಯಿಂದ ಅಳೆದೆವು. ಸಾತಾರಾಕ್ಕೆ ಪುಣೆಯಿಂದ ಎಷ್ಟು ದೂರ ಎಂದು ಕೇಳಿದರೆ ದಿಲ್ಲಿಯ ಮೈಲಿಗಲ್ಲು ನೋಡಿ ಉತ್ತರ ಹೇಳಿದ ಹಾಗೆ.

ಸಿ ಭಾಷೆಗೆ ಬಂದರೆ ಬೇರೊಂದು ಅಪಾಯ. ಯೂನಿಕೋಡನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಅಂಕಿಯೂ ಮೂರು ಬೈಟು. ೧ ಎಂದರೆ 224, 179, 167. ಸಿ ಭಾಷೆಯ 'ಅಟೊಯ್' ಫಂಕ್ಷನ್ ಇದನ್ನು ನೋಡಿ ಕೈಚೆಲ್ಲಿ ಸೊನ್ನೆ ವಾಪಸ್ ಕೊಡುತ್ತದೆ. ನಿಜವಾದ ಸೊನ್ನೆಗೂ 'ನನಗೆ ಅರ್ಥವಾಗಲಿಲ್ಲ' ಎಂಬ ಸೊನ್ನೆಗೂ ಅಲ್ಲಿ ವ್ಯತ್ಯಾಸವೇ ಇಲ್ಲ. ಒಬ್ಬ ತಾಯಿ ಮಗುವಿನ ತೂಕ ೧೨ ಎಂದು ಬರೆದರೆ ದಾಖಲೆಯಲ್ಲಿ 0 ಕೂರುತ್ತದೆ. ಜಾವಾಸ್ಕ್ರಿಪ್ಟ್ 'ಇದು ಸಂಖ್ಯೆಯೇ ಅಲ್ಲ' ಎಂದು ಮುಖಕ್ಕೆ ಹೊಡೆದಂತೆ ಹೇಳುತ್ತದೆ. ಅಂಥ ಪ್ರೋಗ್ರಾಮಿನ ಮೇಲೆ ಕಟ್ಟಿದ ಅರ್ಜಿ ನಮೂನೆ 'ಸರಿಯಾದ ಸಂಖ್ಯೆ ನಮೂದಿಸಿ' ಎಂದು ಕೆಂಪಕ್ಷರದಲ್ಲಿ ಆದೇಶಿಸುತ್ತದೆ, ಎಷ್ಟೋ ಸಲ ಅಚ್ಚಗನ್ನಡದಲ್ಲಿ. ಕನ್ನಡದಲ್ಲಿ ಬರೆದ ಆ ವಾಕ್ಯಕ್ಕೆ ಕನ್ನಡದಲ್ಲಿ ಬರೆದ ಸಂಖ್ಯೆ ಸರಿಯಿಲ್ಲ! ಅರ್ಜಿ ತುಂಬುತ್ತಿರುವ ಅಜ್ಜಿ ತಾನೇ ತಪ್ಪು ಮಾಡಿದೆನೆಂದುಕೊಂಡು ಮೊಮ್ಮಗನನ್ನು ಕರೆಯುತ್ತಾಳೆ. ನಾಲ್ಕು ತರಗತಿ ಓದಿ ಕಲಿತ ಲೆಕ್ಕ, ಬದುಕಿಡೀ ಸಂತೆಯ ವ್ಯವಹಾರಕ್ಕೆ ಸಾಕಾದ ಲೆಕ್ಕ, ಒಂದು ಪರದೆಯ ಮುಂದೆ ಅನಕ್ಷರತೆಯಾಗಿ ಬದಲಾಗುತ್ತದೆ. ಈ ಅವಮಾನವನ್ನು ಯಾವ ಬಗ್ ಪಟ್ಟಿಯಲ್ಲೂ ಯಾರೂ ಬರೆದುಕೊಳ್ಳುವುದಿಲ್ಲ.

ಅಂಕಿಯೇ ಎಂದು ಕೇಳುವ ಸಾಲಿಗೂ ಬೆಲೆ ತೆಗೆಯುವ ಸಾಲಿಗೂ ಹೊಂದಿಕೆಯಿಲ್ಲದಿರುವುದು ಜಾವಾ ಕ್ಲಾಸಿನ ಕಥೆ ಮಾತ್ರವಲ್ಲ. ಸಿ ಶಾರ್ಪ್‌ನ ಈಸ್‌ಡಿಜಿಟ್ ಕನ್ನಡದ ೧ ಅಂಕಿಯೆಂದು ಒಪ್ಪುತ್ತದೆ. ಅದೇ ಭಾಷೆಯ ಪೂರ್ಣಾಂಕ ಓದುವ ಫಂಕ್ಷನ್ ಅದನ್ನೇ ತಿರಸ್ಕರಿಸಿ ಪ್ರೋಗ್ರಾಮನ್ನು ಕೆಡವುತ್ತದೆ. ಪೈಥಾನ್‌ನಲ್ಲಿ ವರ್ಗ ಸೂಚಿಸುವ ಮೇಲ್ಬರಹದ ಎರಡನ್ನು 'ಈಸ್‌ಡಿಜಿಟ್' ಅಂಕಿ ಎನ್ನುತ್ತದೆ, 'ಇಂಟ್' ಒಪ್ಪುವುದಿಲ್ಲ. ಅಲ್ಲಿ ಕೇಳಬೇಕಾದದ್ದು 'ಈಸ್‌ಡೆಸಿಮಲ್' ಎಂದು. ಈ ವ್ಯತ್ಯಾಸಗಳನ್ನು ತಿಳಿದು ಕೋಡ್ ಬರೆಯುವುದೇ ಈ ಕಸುಬಿನ ಕಲಿಕೆ. ಅದನ್ನು ಬಿಟ್ಟು 48 ಎಂಬ ಮಂತ್ರ ಬಾಯಿಪಾಠ ಮಾಡಿಸುವುದಕ್ಕೆ ಕಲಿಸುವುದು ಎಂದು ಹೇಗೆ ಕರೆಯುವುದು?

ಈ ಸೂತ್ರದ ಪರ ವಾದಿಸುವವರು ಹಿರಿಯರ ಹೆಸರು ಹೇಳುತ್ತಾರೆ. ಕೆರ್ನಿಘನ್ ಮತ್ತು ರಿಚಿಯವರ ಸಿ ಪುಸ್ತಕದಲ್ಲೇ ಇದೆಯಲ್ಲ ಎನ್ನುತ್ತಾರೆ. ಇದೆ, ನಿಜ. ಆ ಪುಸ್ತಕ ಬಂದದ್ದು 1978ರಲ್ಲಿ. ಆಗ ಯೂನಿಕೋಡ್ ಇರಲಿಲ್ಲ. ಅದರ ಮೊದಲ ಆವೃತ್ತಿ ಬಂದದ್ದು 1991ರಲ್ಲಿ, ಕನ್ನಡ ಅಂಕಿಗಳ ಸಮೇತ. ಅಷ್ಟಕ್ಕೂ ಆ ಲೇಖಕರು 48 ಎಂದು ಬರೆಯಲಿಲ್ಲ, ಸೊನ್ನೆಯ ಅಕ್ಷರವನ್ನೇ ಕಳೆದರು. ಐಬಿಎಂ ಮೇನ್‌ಫ್ರೇಮುಗಳ ಎಬ್ಸಿಡಿಕ್ ಪದ್ಧತಿಯಲ್ಲಿ ಸೊನ್ನೆಯ ಕೋಡ್ 240 ಎಂಬುದು ಆ ಕಾಲದವರಿಗೆ ಚೆನ್ನಾಗಿ ಗೊತ್ತಿತ್ತು. ಹತ್ತು ಅಂಕಿಗಳು ಒಂದರ ಪಕ್ಕ ಒಂದು ಇರಬೇಕು ಎಂದು ಸಿ ಭಾಷೆಯ ನಿಯಮ ಹೇಳುತ್ತದೆಯೇ ಹೊರತು 48 ಎಂದು ಎಲ್ಲೂ ಹೇಳುವುದಿಲ್ಲ. ಹಿರಿಯರು ತಮ್ಮ ಕಾಲದ ಮಿತಿಯಲ್ಲೂ ಎಚ್ಚರ ತೋರಿದ್ದರು. ನಾವು ಆ ಎಚ್ಚರವನ್ನು ಬಿಟ್ಟು ಮಿತಿಯನ್ನು ಮಾತ್ರ ಉಳಿಸಿಕೊಂಡಿದ್ದೇವೆ.

ಪುಣೆಯಲ್ಲಿ ಕೂತು ಈ ವಾದ ಮಾಡುವುದಂತೂ ಇನ್ನೂ ನೋವಿನ ಸಂಗತಿ. ಭಾರತದ ಲಿಪಿಗಳು ಕಂಪ್ಯೂಟರಿನೊಳಗೆ ಬಂದ ಕಥೆಯ ದೊಡ್ಡ ಅಧ್ಯಾಯ ಈ ಊರಿನದು. 1988ರಲ್ಲಿ ಇಲ್ಲಿ ಸರ್ಕಾರಿ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ಆರಂಭವಾಯಿತು. ಅದು ಕಟ್ಟಿದ ಪರಮ್ ಸೂಪರ್ ಕಂಪ್ಯೂಟರಿನ ಹೆಸರು ಎಲ್ಲರಿಗೂ ಗೊತ್ತು. ಐಐಟಿ ಕಾನ್ಪುರದಲ್ಲಿ ಮೊಳೆತು ಸಿ-ಡ್ಯಾಕ್‌ನಲ್ಲಿ ಬೆಳೆದ, ಭಾರತೀಯ ಲಿಪಿಗಳನ್ನು ಕಂಪ್ಯೂಟರಿಗೆ ತಂದ ಜಿಸ್ಟ್ ತಂತ್ರಜ್ಞಾನ ಅಷ್ಟು ಜನರಿಗೆ ಗೊತ್ತಿಲ್ಲ. ಆ ಕೆಲಸದ ಫಲವೇ 1991ರಲ್ಲಿ ಭಾರತೀಯ ಮಾನಕ ಬ್ಯೂರೋ ಹೊರಡಿಸಿದ ಇಸ್ಕಿ ಮಾನಕ, ಐಎಸ್ 13194. ಅದರಲ್ಲಿ ಕನ್ನಡದ ಕ, ದೇವನಾಗರಿಯ ಕ, ಬಂಗಾಳಿಯ ಕ ಎಲ್ಲಕ್ಕೂ ಒಂದೇ ಕೋಡ್. ಅಂಕಿಗಳಿಗೂ ಹಾಗೆಯೇ: ಯಾವ ಲಿಪಿಯ ಸೊನ್ನೆಯಾದರೂ 241, ಒಂಬತ್ತಾದರೂ 250. ನಮ್ಮ ನೆಲದ ಸಂಖ್ಯೆ ನಮ್ಮ ಯಂತ್ರದಲ್ಲಿ ಸಂಖ್ಯೆಯಾಗಿಯೇ ಇರಬೇಕೆಂದು ಮೂವತ್ತು ವರ್ಷಕ್ಕೂ ಹಿಂದೆ ಕೂತು ಯೋಚಿಸಿದ ಎಂಜಿನಿಯರುಗಳು ಇದ್ದರು. ಅವರು ದುಡಿದ ಊರಿನ ಕ್ಲಾಸುಗಳಲ್ಲೇ ಇವತ್ತು ಆ ಅಂಕಿಗಳ ಹೆಸರೆತ್ತುವವರಿಲ್ಲ ಎಂದರೆ ಏನು ಹೇಳುವುದು?

ಯೂನಿಕೋಡ್ ಇಸ್ಕಿಯ 1988ರ ರೂಪದ ಜೋಡಣೆಯನ್ನೇ ಅನುಸರಿಸಿತು. ದೇವನಾಗರಿಯಿಂದ ಮಲಯಾಳದವರೆಗಿನ ಒಂಬತ್ತು ಲಿಪಿಗಳಿಗೆ 128 ಸ್ಥಾನಗಳ ಒಂದೊಂದು ವಠಾರ ಕೊಟ್ಟು, ಪ್ರತಿ ವಠಾರದಲ್ಲೂ ಅಂಕಿಗಳನ್ನು ಒಂದೇ ಜಾಗದಲ್ಲಿ ಕೂರಿಸಿತು. ದೇವನಾಗರಿಯ ಸೊನ್ನೆ 2406. ಆಮೇಲೆ ಬಂಗಾಳಿ 2534, ಗುರುಮುಖಿ 2662, ಗುಜರಾತಿ 2790, ಒಡಿಯಾ 2918, ತಮಿಳು 3046, ತೆಲುಗು 3174, ಕನ್ನಡ 3302, ಮಲಯಾಳ 3430. ಹಳೆಯ ತಮಿಳು ಪದ್ಧತಿಯಲ್ಲಿ ಸೊನ್ನೆಯೇ ಇರಲಿಲ್ಲ. ಆದರೂ ಅದಕ್ಕೆ ಜಾಗ ಖಾಲಿ ಬಿಟ್ಟಿದ್ದರು, 2005ರಲ್ಲಿ ಸೊನ್ನೆ ಬಂದು ಅಲ್ಲೇ ಕೂತಿತು. ಇದರಿಂದ ಹುಟ್ಟುವ ಸೂತ್ರ ನೋಡಿ: ಅಂಕಿಯ ಕೋಡಿನಿಂದ 2406 ಕಳೆದು 128ರಿಂದ ಭಾಗಿಸಿದರೆ ಉಳಿಯುವ ಶೇಷವೇ ಆ ಅಂಕಿಯ ಬೆಲೆ. ಕನ್ನಡದ ೭ ತೆಗೆದುಕೊಳ್ಳಿ: 3309ರಿಂದ 2406 ಹೋದರೆ 903, 128ರಿಂದ ಭಾಗಿಸಿದರೆ ಭಾಗಲಬ್ಧ 7, ಶೇಷವೂ 7. ಭಾಗಲಬ್ಧ ಯಾವ ಲಿಪಿ ಎಂದು ಹೇಳುತ್ತದೆ, ಶೇಷ ಯಾವ ಅಂಕಿ ಎಂದು ಹೇಳುತ್ತದೆ. ಒಂಬತ್ತು ಲಿಪಿಗೆ ಒಂದೇ ಸಾಲಿನ ಕೋಡ್. 48ರ ಪಾಠ ಮಾಡಲು ಬೇಕಾಗುವಷ್ಟೇ ಹೊತ್ತು ಇದಕ್ಕೂ ಸಾಕು. ಇದರಲ್ಲಿರುವ ಗಣಿತ ಅದಕ್ಕಿಂತ ಚೆಂದ. ಇದನ್ನು ಕೇಳಿದ ಮಗು ಸ್ಥಾನ, ಶೇಷ, ಲಿಪಿ, ಸಂಕೇತ ಮೂರ್ನಾಲ್ಕು ವಿಷಯ ಒಟ್ಟಿಗೆ ಕಲಿಯುತ್ತದೆ. ಇಂಥ ಪಾಠ ಕೈಯಲ್ಲಿದ್ದೂ ಅದನ್ನು ಮಕ್ಕಳಿಗೆ ಕೊಡದಿರುವುದಕ್ಕೆ ಯಾವ ಸಮರ್ಥನೆ ಇದೆ?

ದಿನದ ಕೆಲಸಕ್ಕೆ ಇದೂ ಬೇಕಿಲ್ಲ. ಉರ್ದು, ಸಂತಾಲಿಯ ಓಲ್ ಚಿಕಿ, ಮಣಿಪುರದ ಮೇತೇಯಿ ಮಯೆಕ್ ಅಂಕಿಗಳು ಈ ಸಾಲಿನ ಹೊರಗಿವೆ. ಅವನ್ನೂ ಸೇರಿಸಿ ಓದುವ ಫಂಕ್ಷನ್ನುಗಳು ಎಷ್ಟೋ ವರ್ಷಗಳಿಂದ ಸಿದ್ಧವಾಗಿವೆ. ಜಾವಾದ 'ಕ್ಯಾರೆಕ್ಟರ್ ಡಿಜಿಟ್' ಕನ್ನಡದ ೭ ಕೊಟ್ಟರೆ 7 ಕೊಡುತ್ತದೆ. ಆ ಭಾಷೆಯ 'ಪಾರ್ಸ್‌ಇಂಟ್' ಒಳಗೆ ಅದನ್ನೇ ಬಳಸುವುದರಿಂದ ೧೨೩ ಕೊಟ್ಟರೆ 123 ಬರುತ್ತದೆ. ಪೈಥಾನ್‌ನ 'ಇಂಟ್' ಕೂಡ ೧೨೩ ಅನ್ನು ಯಾವ ತಕರಾರಿಲ್ಲದೆ ಓದುತ್ತದೆ. ಅಂದರೆ ಭಾಷೆ ಕಟ್ಟಿದವರು ನಮ್ಮ ಅಂಕಿಗೆ ಬಾಗಿಲು ತೆರೆದಿಟ್ಟಿದ್ದಾರೆ. ಅದನ್ನು ಮುಚ್ಚುತ್ತಿರುವವರು ನಾವು, ನಮ್ಮ ಕೈಯಿಂದ ಬರೆದ 48ರ ಸಾಲಿನಿಂದ.

'ಕನ್ನಡ ಅಂಕಿ ಈಗ ಯಾರು ಬಳಸುತ್ತಾರೆ?' ಇದು ಎಲ್ಲರ ಬಾಯಲ್ಲೂ ಸಿದ್ಧವಾಗಿರುವ ಮಾತು. ಪುಣೆಯ ಕನ್ನಡಿಗರೂ ಇದನ್ನೇ ಹೇಳುತ್ತಾರೆ, ಬೆಂಗಳೂರಿನವರು ಇನ್ನೂ ಜೋರಾಗಿ ಹೇಳುತ್ತಾರೆ. ಬಳಸುವವರು ಕಡಿಮೆಯಾಗಿದ್ದಾರೆ ಎಂಬುದು ನಿಜವೇ. ಯಾಕೆ ಕಡಿಮೆಯಾದರು ಎಂದು ಯಾರಾದರೂ ಕೇಳಿದ್ದಾರೆಯೇ? ಟೈಪ್ ಮಾಡಿದಾಗಲೆಲ್ಲ ತಿರಸ್ಕಾರ ಸಿಕ್ಕರೆ ಯಾವ ಮನುಷ್ಯ ಎರಡನೇ ಸಲ ಟೈಪ್ ಮಾಡುತ್ತಾನೆ? ಬಾಗಿಲು ಹಾಕಿ ಬೀಗ ಜಡಿದು, ಒಳಗೆ ಯಾರೂ ಬರುತ್ತಿಲ್ಲ, ಆದ್ದರಿಂದ ಬಾಗಿಲು ಬೇಕಿಲ್ಲ ಎನ್ನುವುದು ನ್ಯಾಯವಲ್ಲ. ಮರಾಠಿ ಪತ್ರಿಕೆ, ಬಸ್ಸು, ಪಠ್ಯಪುಸ್ತಕ ತಮ್ಮ ಅಂಕಿಯನ್ನು ಬಿಡಲಿಲ್ಲ. ಆದ್ದರಿಂದ ಆ ಅಂಕಿ ಇವತ್ತಿಗೂ ಪುಣೆಯ ಬೀದಿಯಲ್ಲಿ ಉಸಿರಾಡುತ್ತಿದೆ. ನಮ್ಮ ದೊಡ್ಡ ಪತ್ರಿಕೆಗಳು ಬಿಟ್ಟವು. ಇರಾನಿನಲ್ಲಿ ಜನ ಫೋನಿನಲ್ಲಿ ಪಾರ್ಸಿ ಅಂಕಿಯಲ್ಲೇ ಬರೆಯುತ್ತಾರೆ. ಬಂದ ಅಂಕಿಗಳನ್ನು ಮೊದಲು ಬದಲಿಸಿಕೊಂಡು ಆಮೇಲೆ ಲೆಕ್ಕಕ್ಕೆ ಇಳಿಯುವುದು ಅಲ್ಲಿನ ಪ್ರೋಗ್ರಾಮರುಗಳಿಗೆ ದಿನನಿತ್ಯದ ಕೆಲಸ. ಅದನ್ನು ಯಾರೂ ಭಾಷಾಭಿಮಾನ ಎಂದು ಕರೆಯುವುದಿಲ್ಲ. ಗ್ರಾಹಕ ಕೊಟ್ಟದ್ದನ್ನು ಓದುವುದು ಕಸುಬು ಎಂದಷ್ಟೇ ತಿಳಿಯುತ್ತಾರೆ.

ಇನ್ನು ಕೆಲವರು ಸಂವಿಧಾನವನ್ನೇ ಅಡ್ಡ ತರುತ್ತಾರೆ. 343ನೇ ವಿಧಿ ಅಂತರರಾಷ್ಟ್ರೀಯ ರೂಪದ ಅಂಕಿಗಳನ್ನೇ ಹೇಳುತ್ತದಲ್ಲ ಎನ್ನುತ್ತಾರೆ. ಆ ವಿಧಿಯನ್ನು ಪೂರ್ತಿ ಓದಬೇಕು. ಅದು ಹೇಳುವುದು ಒಕ್ಕೂಟದ ಅಧಿಕೃತ ಕೆಲಸಗಳ ಬಗ್ಗೆ. ಜೊತೆಗೆ ಮೊದಲ ಹದಿನೈದು ವರ್ಷಗಳಲ್ಲಿ ದೇವನಾಗರಿ ಅಂಕಿಗಳನ್ನೂ ಬಳಸಲು ಅಪ್ಪಣೆ ಕೊಡುವ ಅಧಿಕಾರವನ್ನು ಅದೇ ವಿಧಿ ರಾಷ್ಟ್ರಪತಿಗೆ ಕೊಟ್ಟಿತ್ತು. 1949ರ ಸೆಪ್ಟೆಂಬರಿನಲ್ಲಿ ಸಂವಿಧಾನ ಸಭೆ ಭಾಷೆಯ ಪ್ರಶ್ನೆ ಚರ್ಚಿಸಿದಾಗ ಅತಿ ಹೆಚ್ಚು ಕಾವೇರಿದ ವಿಷಯಗಳಲ್ಲಿ ಅಂಕಿಯದೂ ಒಂದು. ಅಷ್ಟು ಜಗಳವಾಡಿ ಒಪ್ಪಿಕೊಂಡ ಹೆಸರು 'ಭಾರತೀಯ ಅಂಕಿಗಳ ಅಂತರರಾಷ್ಟ್ರೀಯ ರೂಪ' ಎಂದು. ಭಾರತೀಯ ಎಂಬ ಮಾತನ್ನು ಬಿಡದೆ ಉಳಿಸಿಕೊಂಡರು. ರಾಜ್ಯಗಳ ಆಡಳಿತ ಭಾಷೆಯ ಮಾತು ಬರುವುದು 345ನೇ ವಿಧಿಯಲ್ಲಿ. ನಾಗರಿಕನೊಬ್ಬ ತನ್ನ ವಯಸ್ಸನ್ನು ೬೨ ಎಂದು ಬರೆಯಬಾರದು ಎಂದು ಸಂವಿಧಾನದ ಯಾವ ಪುಟವೂ ಹೇಳಿಲ್ಲ.

ಆ 'ಭಾರತೀಯ' ಎಂಬ ಮಾತಿಗೆ ಸಾಕ್ಷಿ ಬೇಕಿದ್ದರೆ ಪುಣೆ ಜಿಲ್ಲೆಯಲ್ಲೇ ಇದೆ. ಜುನ್ನರದ ಆಚೆ ನಾಣೇಘಾಟಿನ ಗುಹೆಯ ಗೋಡೆಯ ಮೇಲೆ ಸಾತವಾಹನರ ಕಾಲದ ಬ್ರಾಹ್ಮಿ ಶಾಸನವಿದೆ. ರಾಣಿ ನಾಗನಿಕೆಯ ಹೆಸರಿನೊಂದಿಗೆ ಅದನ್ನು ನೆನೆಯುತ್ತಾರೆ. ಯಜ್ಞಗಳಲ್ಲಿ ದಾನ ಕೊಟ್ಟ ಹಸು, ಕುದುರೆ, ಕಾರ್ಷಾಪಣ ನಾಣ್ಯಗಳ ಲೆಕ್ಕ ಅದರಲ್ಲಿ ಅಂಕಿಗಳಲ್ಲೇ ಕೊರೆದಿದೆ. ಸುಮಾರು 2,000 ವರ್ಷ ಹಿಂದಿನ ಈ ಅಂಕಿಗಳನ್ನು ಹತ್ತೊಂಬತ್ತನೇ ಶತಮಾನದಲ್ಲಿ ಭಗವಾನಲಾಲ ಇಂದ್ರಜಿ ಕೂತು ಓದಿದರು. ಕನ್ನಡದ ೭, ದೇವನಾಗರಿಯ ಏಳು, ಕೀಲಿಮಣೆಯ 7 ಮೂರೂ ಆ ಬ್ರಾಹ್ಮಿಯ ಮಕ್ಕಳು. ಮೂವರಲ್ಲಿ ಒಬ್ಬನನ್ನು ಮಾತ್ರ ಅಂಕಿ ಎಂದು, ಉಳಿದ ಇಬ್ಬರನ್ನು 'ವಿಶೇಷ ಅಕ್ಷರ' ಎಂದು ಕರೆಯುವ ಕೋಡನ್ನು ಅದೇ ಜಿಲ್ಲೆಯಲ್ಲಿ ಕೂತು ಬರೆಯುತ್ತಿದ್ದೇವೆ.

ಭದ್ರತೆಯ ನೆಪವೂ ಉಂಟು, ಅದರಲ್ಲಿ ಸ್ವಲ್ಪ ಹುರುಳೂ ಉಂಟು. ಬಂಗಾಳಿಯ ನಾಲ್ಕು ನೋಡಲು 8ರಂತಿದೆ. ಎರಡು ಲಿಪಿಯ ಅಂಕಿ ಬೆರೆಸಿ ಮೋಸ ಮಾಡಬಹುದು. ಪೈಥಾನ್‌ಗೆ ಇಂಗ್ಲಿಷಿನ 1ರ ಪಕ್ಕ ಕನ್ನಡದ ೨ ಇಟ್ಟು ಕೊಟ್ಟರೂ ಅದು 12 ಎಂದು ಓದಿಬಿಡುತ್ತದೆ. ಕನ್ನಡದಲ್ಲಂತೂ ನಮ್ಮದೇ ಒಂದು ತೊಡಕಿದೆ: ಅನುಸ್ವಾರದ ಬದಲು ಸೊನ್ನೆ ಟೈಪ್ ಮಾಡಿ 'ಬೆ೦ಗಳೂರು' ಎಂದು ಬರೆದ ಪಠ್ಯ ಅಂತರಜಾಲದ ತುಂಬ ಬಿದ್ದಿದೆ. ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಅಂಕಿ ಹುಡುಕುವ ಪ್ರೋಗ್ರಾಂ ಮಾತ್ರ ಬೆಂಗಳೂರಿನ ಹೊಟ್ಟೆಯೊಳಗಿಂದ ಒಂದು ಸೊನ್ನೆ ಎತ್ತಿಕೊಂಡು ಬರುತ್ತದೆ. ಇವೆಲ್ಲ ನಿಜವಾದ ಸಮಸ್ಯೆಗಳು. ಪರಿಹಾರವೂ ಅಷ್ಟೇ ನಿಜ: ಒಂದು ಸಂಖ್ಯೆಯ ಎಲ್ಲ ಅಂಕಿಗಳೂ ಒಂದೇ ಲಿಪಿಯವೇ ಎಂದು ಪರೀಕ್ಷಿಸಿ, ಬೆರೆತಿದ್ದರೆ ನಿಲ್ಲಿಸಿ, ಅಂಕಿಯ ಹಿಂದೆ ಮುಂದೆ ಕನ್ನಡ ಅಕ್ಷರವಿದ್ದರೆ ಅದು ಅನುಸ್ವಾರ ಇರಬಹುದೆಂದು ನೋಡಿ. ಮೇಲೆ ಹೇಳಿದ ಭಾಗಲಬ್ಧವೇ ಲಿಪಿಯ ಗುರುತು ಕೊಡುತ್ತದೆ. ಕಳ್ಳರು ಬರಬಹುದೆಂದು ಊರಿನವರನ್ನೆಲ್ಲ ಹೊರಗಿಡುವುದಕ್ಕೆ ಭದ್ರತೆ ಎನ್ನಲಾಗದು. ವಿಚಿತ್ರವೆಂದರೆ, ಈ ಅಪಾಯಗಳು ಗೊತ್ತಾಗುವುದೂ ಲಿಪಿಗಳ ವಿಷಯ ಕಲಿತವರಿಗೇ. 48 ಒಂದೇ ಕಲಿತವರಿಗೆ ಅಪಾಯವೂ ಗೊತ್ತಿಲ್ಲ, ಪರಿಹಾರವೂ ಗೊತ್ತಿಲ್ಲ.

ಅಂಕಿಯ ಆಕಾರ ಬಿಟ್ಟು ನಮ್ಮ ಎಣಿಕೆಯ ಪದ್ಧತಿಗೆ ಬಂದರೂ ಈ ಪಾಠ ಸೋಲುತ್ತದೆ. ನಾವು ಒಂದು ಲಕ್ಷವನ್ನು 1,00,000 ಎಂದು ಬರೆಯುತ್ತೇವೆ. ಅಟೊಯ್‌ಗಾಗಲಿ ಜಾವಾಸ್ಕ್ರಿಪ್ಟಿನ 'ಪಾರ್ಸ್‌ಇಂಟ್'ಗಾಗಲಿ ಇದನ್ನು ಕೊಡಿ. ಮೊದಲ ಅಲ್ಪವಿರಾಮ ಕಂಡ ಕೂಡಲೇ ನಿಂತು 1 ಎಂದು ಉತ್ತರಿಸುತ್ತದೆ. ಒಂದು ಲಕ್ಷ ಒಂದಾಯಿತು, ಇಲ್ಲೂ ಸದ್ದಿಲ್ಲ. ಸೊನ್ನೆಯಿಂದ ಶುರುವಾಗುವ ಖಾತೆ ಸಂಖ್ಯೆಯನ್ನು ಪೂರ್ಣಾಂಕ ಮಾಡಿ ಮುಂದಿನ ಸೊನ್ನೆಗಳನ್ನು ಕಳೆದುಕೊಳ್ಳುವುದು ಇದೇ ಅಜಾಗರೂಕತೆಯ ಇನ್ನೊಂದು ಕೂಸು. ಯಾವುದನ್ನು ಸಂಖ್ಯೆಯಾಗಿಸಬೇಕು, ಯಾವುದನ್ನು ಅಕ್ಷರವಾಗಿಯೇ ಇಡಬೇಕು ಎಂಬ ವಿವೇಚನೆ ಕಲಿಸದೆ ಸ್ಟ್ರಿಂಗಿನಿಂದ ಪೂರ್ಣಾಂಕಕ್ಕೆ ಹೋಗುವ ದಾರಿ ಕಲಿಸಿ ಪ್ರಯೋಜನವೇನು?

ಈ ಪಾಠ ಇಷ್ಟು ಗಟ್ಟಿಯಾಗಿ ಬೇರೂರಲು ಮುಖ್ಯ ಕಾರಣ ಇಂಟರ್ವ್ಯೂ. ಸ್ಟ್ರಿಂಗನ್ನು ಪೂರ್ಣಾಂಕ ಮಾಡು ಎಂಬುದು ಇಂಟರ್ವ್ಯೂ ಅಭ್ಯಾಸದ ಜಾಲತಾಣವಾದ ಲೀಟ್‌ಕೋಡಿನ ಎಂಟನೇ ಪ್ರಶ್ನೆ. ಅಲ್ಲಿ ಅಂಕಿಯೆಂದರೆ 0ಯಿಂದ 9 ಎಂದು ಮೊದಲೇ ಗೆರೆ ಎಳೆದಿದ್ದಾರೆ. ಕ್ಯಾಂಪಸ್ಸಿಗೆ ಬರುವ ಕಂಪನಿಗಳು ಅದೇ ಪ್ರಶ್ನೆ ಕೇಳುತ್ತವೆ, ಕ್ಲಾಸುಗಳು ಅದೇ ಉತ್ತರ ಅರೆದು ಕುಡಿಸುತ್ತವೆ, ಪಾಲಕರು ಅದಕ್ಕೇ ಫೀಸು ಕಟ್ಟುತ್ತಾರೆ. 32 ಬಿಟ್ಟಿನ ಮಿತಿಯಾದ 2147483647 ದಾಟಿದರೆ ಏನು ಮಾಡಬೇಕೆಂದು ಹುಡುಗಿ ಪಟಪಟನೆ ಹೇಳುತ್ತಾಳೆ. ೧೨ ಬಂದರೆ ಏನು ಮಾಡುತ್ತೀ ಎಂದು ಅವಳನ್ನು ಯಾರೂ ಕೇಳುವುದಿಲ್ಲ. ಕೇಳಿದ್ದರೆ ಅವಳೇ ಕೂತು ಯೋಚಿಸುತ್ತಿದ್ದಳು. ಅವಳು ಮಹಾರಾಷ್ಟ್ರದ ಜತ್ತದ ಕಡೆಯ ಕನ್ನಡ ಶಾಲೆಯಲ್ಲಿ ಓದಿ ಬಂದವಳಾಗಿರಬಹುದು. ಬಾಲಭಾರತಿ ಕನ್ನಡದಲ್ಲೂ ಪಠ್ಯ ಅಚ್ಚು ಹಾಕುತ್ತದೆ. ತನ್ನ ಬಾಲ್ಯದ ಅಂಕಿ ಈ ಕಸುಬಿನಲ್ಲಿ ಲೆಕ್ಕಕ್ಕಿಲ್ಲ ಎಂದು ಮಾತಿಲ್ಲದೆಯೇ ಅವಳಿಗೆ ತಿಳಿಸಿಬಿಡುತ್ತೇವೆ.

ಸರ್ಕಾರ ಫೋನುಗಳ ವಿಷಯದಲ್ಲಿ ಒಂದು ಹೆಜ್ಜೆ ಇಟ್ಟಿತ್ತು. 2016ರ ಐಎಸ್ 16333, ಭಾಗ 3 ಎಂಬ ಮಾನಕ ಭಾರತದಲ್ಲಿ ಮಾರುವ ಪ್ರತಿ ಫೋನೂ ನಮ್ಮ ಎಲ್ಲ ಅಧಿಕೃತ ಭಾಷೆಗಳ ಪಠ್ಯವನ್ನು ತೋರಿಸಬೇಕು ಎಂದಿತು. ತೋರಿಸಿದರೆ ಸಾಕೇ? ತೋರಿಸಿದ ಅಂಕಿ ಮುಂದಿನ ತಂತ್ರಾಂಶಕ್ಕೆ ಅರ್ಥವಾಗದಿದ್ದರೆ ಅದು ಗಾಜಿನ ಮೇಲಿನ ಚಿತ್ರ ಮಾತ್ರ. ಪೂರ್ಣಾಂಕಕ್ಕೆ ಲಿಪಿಯೇ ಇಲ್ಲ. ಯಂತ್ರದ ಒಳಗೆ ಹೋದ ಮೇಲೆ ೧೨, 12 ಮತ್ತು ದೇವನಾಗರಿಯ ಹನ್ನೆರಡು ಒಂದೇ ನಾಲ್ಕು ಬಿಟ್ಟುಗಳು: 1100. ಎಲ್ಲ ಲಿಪಿಗಳೂ ಸಮಾನವಾಗುವ ಜಾಗ ಅದು. ಅಲ್ಲಿಗೆ ಹೋಗುವ ದಾರಿಯಲ್ಲೇ ನಾವು ಸುಂಕದ ಕಟ್ಟೆ ಕಟ್ಟಿ ಒಂದೇ ಲಿಪಿಯನ್ನು ಒಳಬಿಡುತ್ತಿದ್ದೇವೆ.

ಪುಣೆಯ ಕ್ಲಾಸು ನಡೆಸುವವರಲ್ಲಿ ನನ್ನ ಕೋರಿಕೆ ಇದು. ಮುಂದಿನ ಬ್ಯಾಚಿಗೆ 48ರ ಪಾಠ ಮಾಡುವ ದಿನ ಅದರ ಪಕ್ಕದಲ್ಲೇ 2406 ಬರೆಯಿರಿ, 3302 ಬರೆಯಿರಿ, ತನ್ನ ಊರಿನ ಅಂಕಿಗಳಲ್ಲಿ ಒಂದು ಸಂಖ್ಯೆ ಬರೆದು ಪ್ರೋಗ್ರಾಮಿಗೆ ಕೊಡಲು ಪ್ರತಿ ಮಗುವಿಗೂ ಹೇಳಿ. ಇಂಟರ್ವ್ಯೂ ತೆಗೆದುಕೊಳ್ಳುವ ಕನ್ನಡಿಗ, ಮರಾಠಿ ಎಂಜಿನಿಯರುಗಳೇ, ಆ ಎಂಟನೇ ಪ್ರಶ್ನೆ ಕೇಳಿದ ಮೇಲೆ ಇನ್ನೊಂದು ಪ್ರಶ್ನೆ ಸೇರಿಸಿ: ಬಳಕೆದಾರ ಕನ್ನಡದಲ್ಲಿ ಬರೆದರೆ? ಸರ್ಕಾರಿ ತಂತ್ರಾಂಶಕ್ಕೆ ಟೆಂಡರ್ ಬರೆಯುವ ಅಧಿಕಾರಿಗಳು, ಕರ್ನಾಟಕದಲ್ಲಾಗಲಿ ಮಹಾರಾಷ್ಟ್ರದಲ್ಲಾಗಲಿ, ಒಪ್ಪಿಗೆಯ ಪರೀಕ್ಷೆಯಲ್ಲಿ ರಾಜ್ಯದ ಅಂಕಿಗಳನ್ನು ಸೇರಿಸಲಿ. ಅದರಲ್ಲಿ ಸೋತ ತಂತ್ರಾಂಶಕ್ಕೆ ಹಣ ಕೊಡದಿರಲಿ. ಈಗಾಗಲೇ ಕೆಲಸದಲ್ಲಿರುವವರು ಯಾರ ಅಪ್ಪಣೆಗೂ ಕಾಯಬೇಕಿಲ್ಲ. ನಾಳೆ ಆಫೀಸಿಗೆ ಹೋದ ಮೇಲೆ ನೀವು ಬರೆದ ಪ್ರೋಗ್ರಾಮಿನ ಸಂಖ್ಯೆಯ ಜಾಗದಲ್ಲಿ ೧೨ ಎಂದು ಟೈಪ್ ಮಾಡಿ. 12 ಬರದಿದ್ದರೆ ಅದನ್ನು ದೋಷವೆಂದು ದಾಖಲಿಸಿ, ನಿಮ್ಮ ಹೆಸರಿಗೇ ಹಾಕಿಕೊಂಡು ಸರಿಪಡಿಸಿ.